ಹಲಗೆ ನೆಲದ ವಾಸನೆ

ಹೊಳೆದಂಡೆಯ ಆಶ್ರಮದಲ್ಲಿ ಕಲ್ಲಯ್ಯ ಗುರುಗಳ ಮಾತು ಕೇಳಲು ಬರುವವರು ದಿನೇದಿನೇ ಕಡಿಮೆಯಾಗುತ್ತಿದ್ದರು.

ಕಾರಣ ಎಲ್ಲರಿಗೂ ಗೊತ್ತಿತ್ತು, ಗುರುಗಳೊಬ್ಬರನ್ನು ಬಿಟ್ಟು.

ಮಾತು ನಡೆಯುವ ಮಂದಿರದ ನೆಲ ಕಲ್ಲಿನದಲ್ಲ, ಸಾಗುವಾನಿ ಹಲಗೆಯದು. ಬೂದಿ ಎಂಬ ಬೆಕ್ಕು ವರ್ಷಗಟ್ಟಲೆ ಅಲ್ಲೇ ಠಿಕಾಣಿ ಹೂಡಿತ್ತು. ಬೆಕ್ಕು ಸತ್ತು ಎಷ್ಟೋ ಕಾಲವಾಗಿತ್ತು. ಅದರ ಉಚ್ಚೆಯ ವಾಸನೆ ಮಾತ್ರ ಗಟ್ಟಿಮುಟ್ಟಾಗಿ ಬದುಕಿತ್ತು. ಬೇಸಿಗೆಯಲ್ಲಿ ತೆಪ್ಪಗಿರುತ್ತಿತ್ತು. ಮಳೆ ಹಿಡಿದು ಹಲಗೆ ತೇವ ಹೀರಿತೋ, ಎದ್ದು ಮೂಗಿಗೆ ಅಡರುತ್ತಿತ್ತು.

ಮಂದಿರದ ಉಸ್ತುವಾರಿ ಮರಿದೇವನದು. ಶಿಷ್ಯರಲ್ಲೆಲ್ಲ ಹಿರಿಯ. ಹಿಡಿದ ಕೆಲಸ ಬಿಡುವವನಲ್ಲ. ತನ್ನಿಂದಾಗದ ಕೆಲಸ ಒಂದಿದೆ ಎಂದು ಒಪ್ಪುವವನೂ ಅಲ್ಲ.

"ಒಂದು ಹಿಡಿ ಸಾಂಬ್ರಾಣಿ ಸಾಕು, ನೋಡ್ತಿರಿ," ಅಂದ.

ಸಾಂಬ್ರಾಣಿ ಹಾಕಿದ. ಹೊಗೆ ಇರುವಷ್ಟು ಹೊತ್ತು ಮಂದಿರ ದೇವಸ್ಥಾನವಾಗಿತ್ತು. ಹೊಗೆ ಆರಿದ ಮೇಲೆ ಸಾಂಬ್ರಾಣಿ ಹಾಕಿದ ಬೆಕ್ಕಿನ ಮನೆಯಾಯಿತು.

"ತುಳಸಿ ನೀರು ಚಿಮುಕಿಸಿದ್ರೆ ಆಯ್ತು," ಅಂದ. ಚಿಮುಕಿಸಿದ. ಗಂಧ ತೇಯ್ದು ಸಾರಿಸಿದ. ಕರ್ಪೂರದ ಪುಡಿ ಉದುರಿಸಿದ. ದೇವರ ಕೋಣೆಯಲ್ಲಿದ್ದ ಒಳ್ಳೊಳ್ಳೆಯ ಪದಾರ್ಥಗಳೆಲ್ಲ ಒಂದೊಂದಾಗಿ ನೆಲದ ಪಾಲಾದವು.

ಕೊನೆಗೆ ಪೇಟೆಯಿಂದ ವಾರ್ನಿಷ್ ತರಿಸಿದ. ಗುರುಗಳ ಪೀಠವಿದ್ದ ಜಾಗವೊಂದನ್ನು ಬಿಟ್ಟು ಉಳಿದ ನೆಲಕ್ಕೆಲ್ಲ ಬಳಿದ. ಗಿಡ್ಡ ಕಾಲಿನ ಆ ಮರದ ಪೀಠವನ್ನು ಶಿಷ್ಯರು ಮುಟ್ಟುವ ಪದ್ಧತಿ ಆಶ್ರಮದಲ್ಲಿರಲಿಲ್ಲ. ಅದರಡಿಗೆ ಕಸಬರಿಕೆಯನ್ನೂ ಚಾಚುತ್ತಿರಲಿಲ್ಲ.

ನೆಲ ಕನ್ನಡಿಯ ಹಾಗೆ ಹೊಳೆಯಿತು. ಮರುದಿನ ಮಳೆ ಬಂತು. ವಾಸನೆಯೂ ಬಂತು.

ಹಾಲು ತರುವ ದುಂಡಮ್ಮ ಅರ್ಧ ಮಾತಿಗೇ ಎದ್ದು ಹೊರಟಳು. ಮರಿದೇವ ಬಾಗಿಲಲ್ಲಿ ತಡೆದ.

"ಯಾಕವ್ವಾ, ಗುರುಗಳು ಇನ್ನೂ ಮಾತಾಡ್ತಿದ್ದಾರೆ."

ದುಂಡಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಹೇಳಿದಳು: "ಅಯ್ಯನೋರ ಮಾತು ಬಂಗಾರ ಕಣಪ್ಪ. ಕಿವಿ ಕೂತ್ಕೋ ಅಂತದೆ. ಮೂಗು ಕೇಳ್ಬೇಕಲ್ಲ."

ಅಂದು ಸಂಜೆ ಗುರುಗಳು ಮರಿದೇವನನ್ನು ಕರೆದರು. ಖಾಲಿ ಮಂದಿರದಲ್ಲಿ ಒಬ್ಬರೇ ಪೀಠದ ಮೇಲೆ ಕೂತಿದ್ದರು.

"ಬರೋ ಅಮಾವಾಸ್ಯೆಯಿಂದ ಮಾತು ನಿಲ್ಲಿಸಿಬಿಡೋಣ ಕಣೋ," ಅಂದರು.

"ಯಾಕೆ ಗುರುಗಳೇ?"

"ನನ್ನ ಮಾತು ಹಳಸಿರಬೇಕು. ಜನ ಸುಮ್ಮಸುಮ್ಮನೆ ಎದ್ದು ಹೋಗಲ್ಲ."

ಊರಿಗೆಲ್ಲ ಬೇಡವಾಗಿ, ಹೊಡೆದಾಡಿಕೊಂಡು ಅಲೆಯುತ್ತಿದ್ದವನು ಮರಿದೇವ. ಈ ಮಂದಿರದಲ್ಲಿ ಕೂತು ಆ ಮಾತು ಕೇಳಿಯೇ ಮನುಷ್ಯನಾಗಿದ್ದ. ಅದು ನಿಲ್ಲುವುದೆಂದರೆ ಅವನಿಗೆ ಹೊಳೆ ಬತ್ತಿದ ಹಾಗೆ.

"ಮಾತು ಹಳಸಿಲ್ಲ," ಅಂದ.

"ಮತ್ತೇನು?"

ಹೇಳಲೋ ಬೇಡವೋ ಎಂದು ನಾಲಿಗೆ ತಡವರಿಸಿತು. ಕೊನೆಗೆ ಹೇಳಿಯೇಬಿಟ್ಟ.

"ಬೆಕ್ಕಿನ ಉಚ್ಚೆ ವಾಸನೆ, ಗುರುಗಳೇ."

"ಯಾವ ಬೆಕ್ಕು?"

"ಬೂದಿ."

"ಅದು ಸತ್ತುಹೋಯ್ತಲ್ಲೋ!"

"ವಾಸನೆ ಹೋಗಿಲ್ಲ."

ಗುರುಗಳು ತಲೆಯೆತ್ತಿ ಎರಡು ಸಲ ಮೂಸಿದರು. "ನನಗೇನೂ ಬರ್ತಿಲ್ಲಪ್ಪ. ಇರಲಿ, ನಿಮಗೆಲ್ಲ ಬಂದ ಮೇಲೆ ಇದೆ ಅಂತ ಆಯ್ತು. ನೀನೇನು ಮಾಡಿದೆ?"

ಮರಿದೇವ ಸಾಂಬ್ರಾಣಿಯಿಂದ ವಾರ್ನಿಷ್‌ವರೆಗೆ ಎಲ್ಲವನ್ನೂ ಹೇಳಿದ. ಹೇಳುವಾಗ ಸ್ವಲ್ಪ ಎದೆಯುಬ್ಬಿಸಿಯೇ ಹೇಳಿದ. ಇಷ್ಟೆಲ್ಲ ಬೇರೆ ಯಾರು ಮಾಡಿಯಾರು?

"ವಾಸನೆ ಎಲ್ಲಿಂದ ಬರುತ್ತೆ?"

"ನೆಲದಿಂದ."

"ನೆಲದಲ್ಲಿ ಎಲ್ಲಿಂದ?"

"ಎಲ್ಲಾ ಕಡೆಯಿಂದ."

"ಬೆಕ್ಕು ಅಷ್ಟು ದೊಡ್ಡದಿತ್ತಾ?"

ಮರಿದೇವ ನೆಲದ ಮೇಲೆ ಒಂದು ಸುತ್ತು ಕಣ್ಣಾಡಿಸಿದ.

"ಕಿಟಕಿ ಬಾಗಿಲು ಮುಚ್ಚು. ಹೊಳೆಯಿಂದ ನೀರು ತಾ. ಬಟ್ಟೆ ಅದ್ದಿ ನೆಲವನ್ನೆಲ್ಲ ಒದ್ದೆ ಮಾಡು."

"ಒದ್ದೆ ಮಾಡಿದ್ರೆ ವಾಸನೆ ಇನ್ನೂ ಜಾಸ್ತಿಯಾಗುತ್ತೆ ಗುರುಗಳೇ."

"ಆಗಲಿ ಅಂತಲೇ ಹೇಳಿದ್ದು."

ಮುಚ್ಚಿದ ಮಂದಿರದಲ್ಲಿ ಒದ್ದೆ ಹಲಗೆಗಳಿಂದ ವಾಸನೆ ಎದ್ದಿತು. ಮರಿದೇವನ ಕಣ್ಣಲ್ಲಿ ನೀರು ಬಂತು. ಗುರುಗಳು ಪೀಠದ ಮೇಲೆ ನೆಮ್ಮದಿಯಾಗಿದ್ದರು.

"ಮಂಡಿಯೂರು. ಮೂಗು ನೆಲಕ್ಕಿಡು. ಎಲ್ಲಿ ತೀರಾ ಕೆಟ್ಟದಾಗಿದೆಯೋ ಅಲ್ಲಿಗೆ ಹೋಗು."

ಹಿರಿಯ ಶಿಷ್ಯ ಮಗುವಿನ ಹಾಗೆ ಅಂಬೆಗಾಲಿಟ್ಟ. ಬಾಗಿಲ ಹತ್ತಿರ ಬರೀ ವಾರ್ನಿಷ್ ಘಾಟು. ಕಿಟಕಿಯ ಕೆಳಗೂ ಅಷ್ಟೇ. ಗೋಡೆ ಬಿಟ್ಟು ನಡುವಿಗೆ ಬಂದಾಗ ವಾಸನೆ ಗಾಢವಾಯಿತು. ಮುಂದೆ ಮುಂದೆ ಹೋದ. ಹಣೆ ಯಾವುದಕ್ಕೋ ತಾಗಿತು. ಕಣ್ಣು ಬಿಟ್ಟರೆ ಎದುರಿಗೆ ಗುರುಗಳ ಪಾದ.

"ನಮಸ್ಕಾರ ಆಮೇಲೆ ಮಾಡುವೆಯಂತೆ," ಅಂದರು ಗುರುಗಳು. "ಸಿಕ್ತಾ?"

ಮರಿದೇವ ಪೀಠದ ಬುಡದಿಂದ ಮೂಗನ್ನು ಹಿಂದಕ್ಕೆಳೆದುಕೊಂಡ.

"ಇಲ್ಲ."

"ಇನ್ನೊಂದು ಸಲ ಹುಡುಕು."

ಈ ಸಲ ಇನ್ನೊಂದು ಗೋಡೆಯಿಂದ ಹೊರಟ. ಬೇಕೆಂದೇ ಸುತ್ತಿ ಬಳಸಿ ಹೋದ. ಮೂಗಿಗೆ ಮುಲಾಜು ಇರಲಿಲ್ಲ. ತಿರುಗಿ ಅದೇ ಪೀಠದ ಕಾಲಿನ ಹತ್ತಿರ ತಂದು ನಿಲ್ಲಿಸಿತು.

"ಈಗ?"

"ಸಿಗ್ತಾ ಇಲ್ಲ ಗುರುಗಳೇ."

"ಹೋಗಲಿ ಬಿಡು," ಎಂದು ಗುರುಗಳು ನಿಟ್ಟುಸಿರು ಬಿಟ್ಟರು. "ಅಮಾವಾಸ್ಯೆಗೆ ನಿಲ್ಲಿಸೋದೇ ಸರಿ."

ಮರಿದೇವ ಎದ್ದು ನಿಂತ. ಅವನಿಗೆ ನಿಜವಾಗಿ ಹೆದರಿಕೆಯಾಗಿತ್ತು. ಆದರೆ ಮಾತು ನಿಲ್ಲುತ್ತದೆ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು.

"ಏಳಿ ಗುರುಗಳೇ."

"ಏನಂದೆ?"

"ಪೀಠದಿಂದ ಏಳಿ. ವಾಸನೆ ನಿಮ್ಮ ಅಡಿಯಿಂದಲೇ ಬರ್ತಿದೆ."

ಹಾಗೆಂದು ಗುರುಗಳಿಗೆ ಆ ಮಂದಿರದಲ್ಲಿ ಯಾರೂ ಹೇಳಿರಲಿಲ್ಲ. ಅವರ ಮುಖ ಒಂದು ಗಳಿಗೆ ಕೆಂಪಾಯಿತು. ಮರಿದೇವ ಬೈಗುಳಕ್ಕೆ ಕಾದ. ಗುರುಗಳು ಮಂಡಿ ಹಿಡಿದುಕೊಂಡು ಮೆಲ್ಲಗೆ ಎದ್ದರು.

"ಎತ್ತು ಪೀಠಾನ."

"ನಾನು ಮುಟ್ಟಬಹುದಾ?"

"ಬೆಕ್ಕು ಕೇಳಿತ್ತಾ?"

ಪೀಠ ಎತ್ತಿದರೆ ಅಡಿಯಲ್ಲಿ ಊಟದ ತಟ್ಟೆಯಗಲದ ಕಪ್ಪು ಕಲೆ. ಹಲಗೆಯ ಸಂದುಗಳಲ್ಲಿ ವರ್ಷಗಳ ಧೂಳು ಮೆತ್ತಿಕೊಂಡಿತ್ತು. ಮಂದಿರದ ಮೂಲೆಮೂಲೆಯಿಂದ ಬೂದಿಯನ್ನು ಕಸಬರಿಕೆ ಹಿಡಿದು ಓಡಿಸಿದವನು ಮರಿದೇವನೇ. ಕಸಬರಿಕೆ ಬಾರದ ಜಾಗ ಎಲ್ಲಿದೆ ಎಂದು ಬೆಕ್ಕು ಕಂಡುಕೊಂಡಿತ್ತು.

ಗುರುಗಳು ಕಲೆಯನ್ನು ನೋಡಿದರು. ಬಗ್ಗಿ ಮೂಸಿದರು. ತಕ್ಷಣ ಮುಖ ಕಿವುಚಿಕೊಂಡು ಹಿಂದೆ ಸರಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಡುಗೆಮನೆಯ ಜಾಡಿ ತಾ ಹೋಗು," ಅಂದರು. "ಪಾತ್ರೆ ಉಜ್ಜೋದಕ್ಕೆ ಇಟ್ಟಿದ್ದಾರಲ್ಲ, ಅದು."

ನಿಂಬೆಯ ಸಿಪ್ಪೆಗೆ ಬೆಲ್ಲ, ನೀರು ಹಾಕಿ ತಿಂಗಳುಗಟ್ಟಲೆ ಹುಳಿಯಲು ಬಿಟ್ಟ ಜಾಡಿ ಅದು. ಮರಿದೇವ ಹಿಂದೆಮುಂದೆ ನೋಡಿದ.

"ಅದು ಕೊಳೆತ ನೀರು ಗುರುಗಳೇ. ಪೀಠದ ಜಾಗಕ್ಕೆ ಅದನ್ನು ಹಾಕೋದಾ?"

"ಪೂಜೆ ಸಾಮಾನನ್ನೆಲ್ಲ ನಿನ್ನ ಮೂಗಿಗೆ ಹಾಕಿದೆ. ಹಲಗೆಗೆ ಏನು ಹಾಕಿದೆ?"

ಮರಿದೇವ ಜಾಡಿ ತಂದ.

ಮೊದಲು ಕಲೆಯ ಮೇಲೆ ಮೆತ್ತಿದ್ದ ಧೂಳು ಜಿಡ್ಡನ್ನು ಕೆರೆದರು. ಗುರುಗಳೂ ಪಂಚೆ ಎತ್ತಿ ಕಟ್ಟಿ ಜೊತೆಗೆ ಕೂತರು. ಹುಳಿ ನೀರನ್ನು ಸೋಸಿ ಸುರಿದು, ಮೇಲೆ ಒದ್ದೆ ಬಟ್ಟೆ ಹೊದಿಸಿದರು. ಮರಿದೇವ ತಕ್ಷಣ ಬಟ್ಟೆ ತೆಗೆದು ಉಜ್ಜಲು ಹೋದ. ಗುರುಗಳು ಅವನ ಕೈ ಹಿಡಿದರು.

"ಉಚ್ಚೆ ಒಂದೇ ದಿನಕ್ಕೆ ಇಳೀಲಿಲ್ಲ. ಅದು ಎಷ್ಟು ಆಳಕ್ಕೆ ಹೋಗಿದೆಯೋ ಇದೂ ಅಷ್ಟು ಆಳಕ್ಕೆ ಹೋಗಬೇಕು. ಬಿಡು."

ಕಾಯುವುದು ಮರಿದೇವನಿಗೆ ಬಾರದ ಕೆಲಸ. ಆದರೂ ಕಾದ. ಬಟ್ಟೆ ಒಣಗಿದಾಗೆಲ್ಲ ಮತ್ತೆ ನೆನೆಸಿದ. ಮಳೆ ಬಿಡುವು ಕೊಟ್ಟ ದಿನ ಆ ಹಲಗೆಗಳನ್ನು ಕಿತ್ತು ಹೊಳೆಯ ಮರಳಿನ ಮೇಲೆ ಬಿಸಿಲಿಗೆ ಹಾಕಿದ. ಒಂದು ಹಲಗೆ ತಿರುಳಿನವರೆಗೂ ಕಪ್ಪಾಗಿತ್ತು. ಅದನ್ನು ಉಳಿಸಲು ಅವನು ಮತ್ತಷ್ಟು ಪಾಡುಪಟ್ಟ.

"ಅದು ಮುಗೀತು ಮರಿದೇವ," ಅಂದರು ಗುರುಗಳು. "ಒಲೆಗೆ ಹಾಕು. ಬೇರೆ ತರಿಸು."

ಹಲಗೆಗಳನ್ನು ತಿರುಗಿ ಕೂರಿಸಿದ ಮೇಲೆ ಎರಡು ದಿನ ಬಿಡದೆ ಮಳೆ ಸುರಿಯಿತು. ಮರಿದೇವ ಯಾರೂ ಹೇಳದೆಯೇ ಮಂಡಿಯೂರಿ ಮೂಗನ್ನು ನೆಲಕ್ಕಿಟ್ಟ. ಉದ್ದಕ್ಕೂ ಮೂಸಿದ. ಒದ್ದೆ ಮರದ ವಾಸನೆ ಬಿಟ್ಟು ಇನ್ನೇನೂ ಇರಲಿಲ್ಲ. ಅವನಿಗೆ ಎಷ್ಟು ಸಂತೋಷವಾಯಿತೆಂದರೆ ಆ ನೆಲದ ಮೇಲೆಯೇ ಸ್ವಲ್ಪ ಹೊತ್ತು ಬೋರಲು ಮಲಗಿದ್ದ.

ಅಮಾವಾಸ್ಯೆ ಬಂತು. ಮಾತು ನಡೆಯಿತು. ದುಂಡಮ್ಮ ಸೆರಗನ್ನು ಹೆಗಲಿಗೆ ಹೊದ್ದು ಕೊನೆಯವರೆಗೂ ಕೂತಿದ್ದಳು. ಮುಂದಿನ ವಾರ ತನ್ನ ಅಕ್ಕತಂಗಿಯರನ್ನೂ ಕರೆತಂದಳು. ಚಾಪೆ ಸಾಲದಾಯಿತು.

ಎಲ್ಲರೂ ಹೋದ ಮೇಲೆ ಮರಿದೇವ ಪೀಠವನ್ನು ಎತ್ತಿ ಬದಿಗಿಟ್ಟು, ಅದರ ಅಡಿಯನ್ನು ಗುಡಿಸಿದ. ಗುರುಗಳು ಕಿಟಕಿಯ ಹತ್ತಿರ ನಿಂತು ಹೊಳೆ ನೋಡುತ್ತಿದ್ದರು.

"ಗುರುಗಳೇ, ಒಂದು ಕೇಳಲಾ?"

"ಕೇಳು."

"ದಿನಾ ಅದರ ಮೇಲೇ ಕೂರ್ತಿದ್ರಿ. ಬಾಗಿಲಲ್ಲಿ ಕೂತವರಿಗೂ ಬರ್ತಿದ್ದ ವಾಸನೆ ನಿಮಗೆ ಹೇಗೆ ಬರಲಿಲ್ಲ?"

ಗುರುಗಳು ತಿರುಗಿದರು.

"ಪೀಠದ ಮೇಲೆ ಕೂತವನಿಗೆ ಬರಲ್ಲ ಕಣೋ. ಅದಕ್ಕೇ ಎದುರಿಗೆ ಒಬ್ಬ ಶಿಷ್ಯನ್ನ ಕೂರಿಸ್ಕೊಳ್ಳೋದು. ನೀನು ಇಷ್ಟು ದಿನ ಎಲ್ಲಿದ್ದೆ?"