ಐಸ್ ವ್ಯಾಗನ್ನಿನಲ್ಲಿ ಸ್ಟೇಷನ್ ಮಾಸ್ತರರು

ರೈಲಿನವರು ಹೊಸದಾಗಿ ಐಸ್ ವ್ಯಾಗನ್ ಓಡಿಸಿದ ಕಾಲ. ಹಲಗೆಯ ಜೋಡಿಗೋಡೆ, ನಡುವೆ ಒತ್ತಿ ತುಂಬಿದ ಮರದ ಹೊಟ್ಟು, ಎರಡೂ ತುದಿಯಲ್ಲಿ ಮಂಜುಗಡ್ಡೆ. ಕಡಲ ದಡದ ಅಕ್ಕು ತನ್ನ ಬಂಗುಡೆ ಮೀನಿನ ಬುಟ್ಟಿಗಳನ್ನೆಲ್ಲ ಅದಕ್ಕೇ ತುಂಬಿಸುತ್ತಿದ್ದಳು.

ಸ್ಟೇಷನ್ ಮಾಸ್ತರ ನರಸಿಂಗರಾಯರಿಗೋ ವ್ಯಾಗನ್ ಬಂತೆಂದರೆ ಹಬ್ಬ. ಬಾಗಿಲು ಪೂರ್ತಿ ತೆರೆಸಿ, ಎದುರಿಗೆ ಕುರ್ಚಿ ಹಾಕಿಸಿ, ಗಾಡಿ ಹೊರಡುವವರೆಗೂ ತಂಪು ಗಾಳಿಗೆ ಹೊಟ್ಟೆಯೊಡ್ಡಿ ಕೂರುತ್ತಿದ್ದರು. ಮಂಜು ಕರಗಿ, ಅಕ್ಕುವಿನ ಮೀನು ದಾರಿಯಲ್ಲೇ ಕೊಳೆಯುತ್ತಿತ್ತು. ಬಾಗಿಲು ಮುಚ್ಚಿಸಿ ಎಂದರೆ, "ಇದು ತಪಾಸಣೆ! ಮೀನು ಮಾರುವವಳಿಗೇನು ಗೊತ್ತು?" ಎಂದು ಗದರುತ್ತಿದ್ದರು.

ಒಂದು ಮಧ್ಯಾಹ್ನ ಅಕ್ಕು ಕೈಮುಗಿದಳು. "ಧಣಿ, ತಮ್ಮಂಥವರು ಹೊರಗೆ ಕೂರುವುದೇ? ಅರ್ಧ ತಂಪು ಈ ಹಮಾಲರ ಪಾಲಾಗುತ್ತಿದೆ. ಒಳಗೆ ಕೂತು ಬಾಗಿಲು ಹಾಕಿಸಿಕೊಂಡರೆ ಪೂರ್ತಿ ನಿಮಗೇ."

ಹಮಾಲರಿಗೆ ಪಾಲು ಎಂದದ್ದು ರಾಯರಿಗೆ ಚುಚ್ಚಿತು. ಕುರ್ಚಿ ಒಳಗೆ ಹೋಯಿತು, ಹಿಂದೆಯೇ ರಾಯರೂ ಹೋದರು. ಅಕ್ಕು ಬಾಗಿಲೆಳೆದು ಚಿಲಕ ಜಡಿದಳು.

ಬಿಸಿಲನ್ನು ಒಳಗೆ ಬಿಡದ ಗೋಡೆ ಕೂಗನ್ನೂ ಹೊರಗೆ ಬಿಡಲಿಲ್ಲ. ಅಕ್ಕು ನೆರಳಲ್ಲಿ ಕೂತು ಎಲೆಯಡಿಕೆಯನ್ನು ನಿಧಾನವಾಗಿ ಜಗಿದಳು. ಗಾರ್ಡು ಬಂದ ಮೇಲೆ ಚಿಲಕ ತೆಗೆದಳು.

ರಾಯರು ಮೈತುಂಬ ಮೀನಿನ ವಾಸನೆ ಹೊತ್ತು, ನಡುಗುತ್ತ ಇಳಿದರು. ಹಮಾಲರೆಲ್ಲ ಸುತ್ತ ನೆರೆದಿದ್ದರು.

"ಹೇಗಿತ್ತು ಧಣಿ?" ಎಂದು ಕೇಳಿದಳು ಅಕ್ಕು.

"ಪ... ಪರವಾಗಿಲ್ಲ. ಸ್ವಲ್ಪ ಸೆಕೆ," ಎಂದರು ರಾಯರು, ಹಲ್ಲು ಕಟಕಟಿಸುತ್ತ.

"ಅಯ್ಯೋ ಪಾಪ! ನಾಳೆ ಇನ್ನಷ್ಟು ಮಂಜು ಹಾಕಿಸಿ, ಮುಂದಿನ ಸ್ಟೇಷನ್ನಿನವರೆಗೂ ಕೂರಿಸಿಬಿಡೋಣ."

ಮರುದಿನದಿಂದ ಐಸ್ ವ್ಯಾಗನ್ ಬಂದಾಗಲೆಲ್ಲ ರಾಯರಿಗೆ ಆಫೀಸಿನೊಳಗೆ ವಿಪರೀತ ಕೆಲಸ.