ಬಾಡಿಗೆ ಟೈರು ಮತ್ತು ಹಳೇ ಟ್ಯಾಕ್ಸಿ

ಗಾಡಿಗಳು ರಸ್ತೆಗೆ ಯೋಗ್ಯವೇ ಎಂದು ವರ್ಷಕ್ಕೊಮ್ಮೆ ತಪಾಸಣೆ ಮಾಡಿ ಎಫ್‌ಸಿ ಕೊಡುವ ಮೈದಾನದ ಗೇಟಿನಲ್ಲಿ ಒಂದು ಬಾಡಿಗೆ ಟೈರು ಇತ್ತು. ಟೈರು ಸವೆದ ಗಾಡಿಗಳು ಅದನ್ನು ಹಾಕಿಕೊಂಡು ಒಳಗೆ ಹೋಗಿ, ತಪಾಸಣೆಯಲ್ಲಿ ಪಾಸಾಗಿ, ಹೊರಗೆ ಬಂದು ಬಿಚ್ಚಿಕೊಡುತ್ತಿದ್ದವು.

ಒಂದು ಬೆಳಿಗ್ಗೆ ದೂಮಪ್ಪನ ಟ್ಯಾಕ್ಸಿ ಬಂತು. ಮೂರು ಮಾಲೀಕರ ಕೈ ದಾಟಿದ, ಹಳೇ ಗಾಡಿ.

“ಅಜ್ಜಾ, ಈ ವಯಸ್ಸಿಗೆ ಪಾಸಾಗುವುದು ಕಷ್ಟ. ನನ್ನನ್ನು ಹಾಕಿಕೊ” ಎಂದಿತು ಟೈರು.

“ಸಂಜೆ ಶಾಲೆಯ ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿಯುತ್ತೇನೆ. ಆಗಲೂ ಜೊತೆಗಿರುತ್ತೀಯಾ?”

“ಅಷ್ಟು ಹೊತ್ತಿಗೆ ನಾನು ಬೇರೆ ಗಾಡಿಯಲ್ಲಿರುತ್ತೇನೆ.”

“ಹಾಗಾದರೆ ಪಾಸಾಗುವುದು ನೀನು, ನಾನಲ್ಲ. ದೂಮಪ್ಪ ದಿನಾ ಬೆಳಿಗ್ಗೆ ನನ್ನ ಬ್ರೇಕು, ಟೈರು ನೋಡದೆ ಗಾಡಿ ತೆಗೆಯುವುದಿಲ್ಲ. ನನಗೆ ಅಷ್ಟು ಸಾಕು” ಎಂದು ಟ್ಯಾಕ್ಸಿ ಒಳಗೆ ಹೋಯಿತು.

ಅರ್ಧ ಗಂಟೆಯಲ್ಲಿ ಅದು ಹೊರಗೆ ಬಂತು.

“ಈ ಸಲವೂ ಪಾಸಾ ದೂಮಣ್ಣ?” ಎಂದ ಗೇಟಿನ ವಾಚ್‌ಮನ್.

“ಇದು ಯಾವತ್ತು ಫೇಲಾಗಿದೆ ಮಾರಾಯ?”

ಟ್ಯಾಕ್ಸಿ ಘಾಟಿಯ ಕಡೆ ತಿರುಗಿತು. ಅದು ಮರೆಯಾಗುವವರೆಗೂ ನೋಡಿದ ಟೈರು ಪಕ್ಕದಲ್ಲಿದ್ದ, ಗಾಡಿ ಎತ್ತುವ ಜಾಕಿಗೆ ಹೇಳಿತು: “ನಾನು ನೂರು ಗಾಡಿಗಳನ್ನು ಪಾಸು ಮಾಡಿಸಿದ್ದೇನೆ. ಒಂದನ್ನೂ ಮನೆ ಮುಟ್ಟಿಸಿಲ್ಲ.”