ಬಳೆಗಾರ ಕೊಂಡ ಕುದುರೆ

"ಗುರುಗಳೇ, ಲೆಕ್ಕ ಚೆನ್ನಾಗಿ ಬಲ್ಲವನೂ ಸಂತೆಯಲ್ಲಿ ಮೋಸ ಹೋಗುವುದುಂಟೆ?"

ಮರಿದೇವ ಹೀಗೆ ಕೇಳಿದ್ದಕ್ಕೆ ಕಾರಣವಿತ್ತು. ಮಠಕ್ಕೆ ದವಸಧಾನ್ಯ ಕೊಳ್ಳುವ ಕೆಲಸ ಮರುದಿನದಿಂದ ಅವನದಾಗಲಿತ್ತು. ಗುರುಗಳು ನಕ್ಕು ಒಂದು ಕತೆ ಹೇಳಿದರು.

ಒಬ್ಬ ಬಳೆಗಾರನಿದ್ದ. ಅವನು ಎಂದೂ ಮೊದಲು ಬೆಲೆ ಹೇಳಿದವನಲ್ಲ. "ಕೈ ಕೊಡು ತಾಯಿ, ಅಂದ ನೋಡೋಣ. ಬೇಡವಾದರೆ ತೆಗೆದರಾಯಿತು" ಎಂದು ಬಳೆ ತೊಡಿಸಿಬಿಡುತ್ತಿದ್ದ. ಬೆಲೆಯ ಮಾತು ಆಮೇಲೆ. ಕೈಗೇರಿದ ಬಳೆಯನ್ನು ಯಾವ ಹೆಣ್ಣೂ ಕಳಚಿ ಕೊಟ್ಟಿರಲಿಲ್ಲ. ಪೆಟ್ಟಿಗೆಯಲ್ಲಿರುವಾಗ ಅದು ಬಳೆಗಾರನದು. ತೊಟ್ಟ ಗಳಿಗೆಯಿಂದ ಅವಳದು. ತನ್ನದನ್ನು ಬಿಟ್ಟುಕೊಡಲು ಯಾರಿಗೆ ಮನಸ್ಸಾಗುತ್ತದೆ? ಇದನ್ನು ಅರಿತೇ ಅವನು ಸಂಸಾರ ತೂಗಿಸುತ್ತಿದ್ದ.

ಬಳೆಯ ಮಲಾರ ಹೊತ್ತು ಹೊತ್ತು ಹೆಗಲು ಸೋತಿತು. ಹೊರೆಗೊಂದು ಕುದುರೆ ತರಲು ಹೊರಟ.

"ಮೆಲ್ಲಗೆ ನಡೆಯುವಂಥದ್ದು ನೋಡಿ. ಅದು ಕುಣಿದರೆ ವರ್ಷದ ಸರಕೆಲ್ಲ ಪುಡಿ" ಎಂದಳು ಹೆಂಡತಿ.

ಕುದುರೆ ವ್ಯಾಪಾರಿಯ ಬಳಿ ಬೇಕಾದಂಥ ಮುದಿ ಕುದುರೆಯೇ ಇತ್ತು. ಅದರ ಪಕ್ಕದಲ್ಲಿ ಎಳೆಯದೊಂದು ಬಿಳಿ ಕುದುರೆ. ವ್ಯಾಪಾರಿ ಬೆಲೆ ಹೇಳಲಿಲ್ಲ. "ಕೊಳ್ಳುವ ಮಾತು ಹಾಗಿರಲಿ ಬಳೆಗಾರರೇ, ಇದನ್ನೇರಿ ಕೆರೆಯವರೆಗೆ ಹೋಗಿಬನ್ನಿ" ಎಂದ.

ಬಳೆಗಾರ ಏರಿದ. ಕುದುರೆ ಕುಣಿಯಿತು. ಕೆರೆ ಮುಟ್ಟುವಷ್ಟರಲ್ಲಿ ಅವನು ಅದಕ್ಕೆ ಹೆಸರಿಟ್ಟಾಗಿತ್ತು. ಮರಳಿ ಬಂದಾಗ ವ್ಯಾಪಾರಿ ಹೇಳಿದ ಬೆಲೆ ಮುದಿ ಕುದುರೆಯ ಮೂರರಷ್ಟು. ಬಳೆಗಾರನಿಗೆ ತಟ್ಟನೆ ಹೊಳೆಯಿತು. ಹೊಟ್ಟೆ ಹಿಡಿದುಕೊಂಡು ನಕ್ಕ.

"ಎಲಾ ಕಿಲಾಡಿ! ನನಗೇ ಬಳೆ ತೊಡಿಸಿಬಿಟ್ಟೆಯಲ್ಲೋ!"

"ಬೇಡವಾದರೆ ಇಳಿದರಾಯಿತು" ಎಂದು ವ್ಯಾಪಾರಿಯೂ ನಕ್ಕ.

ಬಳೆಗಾರ ಕುಳಿತಲ್ಲಿಂದಲೇ ಹಣದ ಚೀಲ ಬಿಚ್ಚಿದ. ಮನೆಗೆ ಬಂದ ಕುದುರೆಯನ್ನು ನೋಡಿ ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಳು. ಗಂಡನ ಮುಖ ನೋಡಿದವಳಿಗೆ ಬೈಗುಳ ಬಾರದೆ ನಗುವೇ ಬಂತು. ಮರುದಿನ ಬಳೆಗಾರ ಎಂದಿನಂತೆ ಊರೂರು ತಿರುಗಲು ಹೊರಟ. ಮಲಾರ ಅವನ ಹೆಗಲ ಮೇಲೆಯೇ ಇತ್ತು. ಪಕ್ಕದಲ್ಲಿ ಬಿಳಿ ಕುದುರೆ ಬರಿಮೈಯಲ್ಲಿ ಕುಣಿಯುತ್ತ ಬಂತು. ಅವನು ಹಾಡಿಕೊಳ್ಳುತ್ತಿದ್ದ.

ಮರಿದೇವ ಬಿದ್ದು ಬಿದ್ದು ನಕ್ಕ. ಕಣ್ಣೊರೆಸಿಕೊಂಡು ಕೇಳಿದ, "ಅಲ್ಲ ಗುರುಗಳೇ, ಆ ವಿದ್ಯೆ ಅವನದೇ. ತಿಳಿದೂ ತಿಳಿದೂ ಏಕೆ ಇಳಿಯಲಿಲ್ಲ?"

ಗುರುಗಳೆಂದರು, "ತಿಳಿದದ್ದು ಕುದುರೆ ಏರಿದ ಮೇಲಲ್ಲವೆ, ಮರಿದೇವ?"